ತೊನ್ನು, ಕುಷ್ಠ, ಚಿಬ್ಬು: ಬಿಳಿಯ ಮಚ್ಚೆಗಳನ್ನು ಬೇರ್ಪಡಿಸಿ ನೋಡಿದ ಚರಿತ್ರೆ

ಮುಂಬಯಿಯ ಕನ್ನಡಿಗರು ನೆರೆಯ ಮರಾಠಿಗರ ಬಾಯಲ್ಲಿ ಕೇಳುವ ‘ಕೋಡ್’ ಎಂಬ ಮಾತಿಗೆ ತೊನ್ನು ಎಂದು ಅರ್ಥ. ದೆಹಲಿಯ ಕನ್ನಡಿಗರು ಹಿಂದಿಯಲ್ಲಿ ಕೇಳುವ ‘ಕೋಢ್’ ಎಂಬ ಮಾತಿಗೆ ಕುಷ್ಠ ಎಂದು ಅರ್ಥ. ಇವೆರಡೂ ಸಂಸ್ಕೃತದ ‘ಕುಷ್ಠ’ ಶಬ್ದದಿಂದ ಪ್ರಾಕೃತದ ಮೂಲಕ ಇಳಿದು ಬಂದ ರೂಪಗಳು. ಮರಾಠಿಯು ಕುಷ್ಠಕ್ಕೆ ‘ಮಹಾರೋಗ’ ಎಂಬ ಬೇರೆ ಹೆಸರನ್ನು ಇಟ್ಟುಕೊಂಡಿತು. ಹಿಂದಿಯು ತೊನ್ನಿಗೆ ‘ಸಫೇದ್ ದಾಗ್’ ಎಂಬ ಬೇರೆ ಹೆಸರನ್ನು ಕಂಡುಕೊಂಡಿತು. ತಮಿಳಿನಲ್ಲಿ ತೊನ್ನಿಗೆ ಬಹುಕಾಲ ಬಳಕೆಯಲ್ಲಿದ್ದ ‘ವೆಣ್‌ಕುಷ್ಟಂ’ ಎಂಬ ಹೆಸರಿನ ಅರ್ಥವೇ ಬಿಳಿಯ ಕುಷ್ಠ. ಕನ್ನಡದಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿಲ್ಲ. ಇಂದು ತೊನ್ನು ಎಂದರೆ ಹಾಲಿನಂತೆ ಬೆಳ್ಳಗಾದ ಚರ್ಮವೆಂದೇ ನಾವು ತಿಳಿಯುತ್ತೇವೆ. ಆದರೆ ಹಳಗನ್ನಡ, ನಡುಗನ್ನಡಗಳಲ್ಲಿ ಅದೇ ಶಬ್ದ ಕುಷ್ಠವೆಂಬ ವಿಶಾಲಾರ್ಥದಲ್ಲಿಯೂ ಬಳಕೆಯಾಗಿದೆ. ‘ಶ್ವೇತಕುಷ್ಠ’ ಎಂಬ ಸಮಾಸವಂತೂ ಈಗಲೂ ಬರವಣಿಗೆಯಿಂದ ಪೂರ್ತಿಯಾಗಿ ಮರೆಯಾಗಿಲ್ಲ.

ಶಬ್ದಗಳ ಈ ಅದಲುಬದಲಿಯನ್ನು ಕಂಡವರು, ಪೂರ್ವಿಕರಿಗೆ ಈ ರೋಗಗಳ ಭೇದವೇ ತಿಳಿದಿರಲಿಲ್ಲವೆಂದು ಭಾವಿಸುವುದು ಸಹಜ. ಆದರೆ ವೈದ್ಯಗ್ರಂಥಗಳನ್ನೂ ಧರ್ಮಶಾಸ್ತ್ರಗಳನ್ನೂ ಪಕ್ಕಪಕ್ಕದಲ್ಲಿರಿಸಿಕೊಂಡು ಓದಿದಾಗ ಬೇರೊಂದು ಚಿತ್ರ ಕಾಣುತ್ತದೆ. ಭೇದವು ವೈದ್ಯರಿಗೆ ತಿಳಿದಿತ್ತು. ಅದನ್ನು ಹೇಳುವ ಶಬ್ದಗಳೂ ಇದ್ದವು. ಆದರೆ ರೋಗಿಯ ಮೇಲೆ ತೀರ್ಪು ಕೊಡುವ ಕಡೆ, ಅಂದರೆ ಮದುವೆ, ಶ್ರಾದ್ಧ, ಆಸ್ತಿ, ಊರು ಎಂಬ ಕಡೆಗಳಲ್ಲಿ, ಆ ಭೇದಕ್ಕೆ ಬೆಲೆ ಸಿಗಲಿಲ್ಲ. ಇದನ್ನು ಆಧಾರಸಹಿತವಾಗಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೈದ್ಯರು ಕಂಡ ಭೇದ

ಅಥರ್ವವೇದದ ಮೊದಲನೆಯ ಕಾಂಡದಲ್ಲಿ ‘ಕಿಲಾಸ’ವನ್ನು ಹೋಗಲಾಡಿಸಲು ಒಂದು ಕಪ್ಪು ಮೂಲಿಕೆಯನ್ನು ಪ್ರಾರ್ಥಿಸುವ ಸೂಕ್ತಗಳಿವೆ. ಅಲ್ಲಿ ಬೇಡುವುದು ಬಣ್ಣವನ್ನು: ಬಿಳಿಯ ಮಚ್ಚೆ ಅಳಿದು ಚರ್ಮ ತನ್ನ ವರ್ಣವನ್ನು ಮರಳಿ ಪಡೆಯಲಿ ಎಂಬುದು ಕೋರಿಕೆ. ಬೆರಳು ಸವೆಯುವ, ಮೂಗು ಕುಸಿಯುವ ಮಾತು ಆ ಸೂಕ್ತಗಳಲ್ಲಿ ಇಲ್ಲ. ಆದುದರಿಂದ ಕಿಲಾಸವನ್ನು ತೊನ್ನೆಂದು ಗುರುತಿಸುವುದು ಸಮಂಜಸವಾಗಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯ ಕುಷ್ಠಚಿಕಿತ್ಸೆಗೆ ಮೀಸಲಾಗಿದೆ. ಇಲ್ಲಿ ಓದುಗರು ಒಂದು ಎಚ್ಚರವನ್ನು ವಹಿಸಬೇಕು. ಸಂಹಿತೆಗಳ ‘ಕುಷ್ಠ’ವು ಇಂದಿನ ಕುಷ್ಠರೋಗ ಮಾತ್ರವಲ್ಲ, ಅದು ಚರ್ಮರೋಗಗಳ ಒಂದು ದೊಡ್ಡ ಕುಲದ ಹೆಸರು. ಅದರಲ್ಲಿ 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು, ಒಟ್ಟು 18 ಬಗೆಗಳು. ಶ್ವಿತ್ರವು, ಅಂದರೆ ತೊನ್ನು, ಈ ಹದಿನೆಂಟರಲ್ಲಿ ಸೇರಿಲ್ಲ. ಅದನ್ನು ಅದೇ ಅಧ್ಯಾಯದ ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳಿದೆ. ಒಂದೇ ಸೂರಿನ ಕೆಳಗೆ, ಆದರೆ ಬೇರೆ ಕೋಣೆಯಲ್ಲಿ, ಎಂಬಂತಹ ವ್ಯವಸ್ಥೆ ಇದು.

ಸುಶ್ರುತನು ಇನ್ನೂ ಸ್ಪಷ್ಟವಾಗಿ ಮಾತಾಡುತ್ತಾನೆ. ನಿದಾನಸ್ಥಾನದ 5ನೆಯ ಅಧ್ಯಾಯದಲ್ಲಿ ಅವನು ಕಿಲಾಸವೂ ಕುಷ್ಠದ ಒಂದು ವಿಕಲ್ಪವೆಂದು ಒಪ್ಪಿಕೊಂಡು, ಒಡನೆಯೇ ಎರಡಕ್ಕೂ ಇರುವ ಅಂತರವನ್ನು ಹೇಳುತ್ತಾನೆ: ಕಿಲಾಸವು ಚರ್ಮಕ್ಕಷ್ಟೇ ಸೀಮಿತವಾದುದು, ಅದರಿಂದ ಸ್ರಾವವಿಲ್ಲ. ಕುಷ್ಠವಾದರೋ ಚರ್ಮದಿಂದ ಆರಂಭಿಸಿ ಒಳಗಿನ ಧಾತುಗಳಿಗೆ ಇಳಿಯುತ್ತದೆ. ಕೈ ಮುರುಟುವುದು, ನಡಿಗೆ ಕೆಡುವುದು, ಮೂಗು ಕುಸಿಯುವುದು ಅದರ ಮುಂದಿನ ಅವಸ್ಥೆಗಳು. ಇಷ್ಟು ಖಚಿತವಾದ ವ್ಯಾವರ್ತಕ ಲಕ್ಷಣವು ಆ ಕಾಲದ ಗ್ರಂಥದಲ್ಲಿ ದೊರೆಯುವುದು ಗಮನಾರ್ಹ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲಕ್ಷಣವಿದೆ. ಕುಷ್ಠದ ಪೂರ್ವರೂಪಗಳನ್ನು, ಅಂದರೆ ರೋಗ ಪ್ರಕಟವಾಗುವ ಮುನ್ನ ಕಾಣುವ ಸೂಚನೆಗಳನ್ನು ಹೇಳುವಾಗ ಚರಕನು ‘ಸ್ಪರ್ಶಾಜ್ಞತ್ವ’ವನ್ನು ಎಣಿಸುತ್ತಾನೆ. ಮುಟ್ಟಿದ್ದು ತಿಳಿಯದಿರುವುದು ಎಂದು ಅದರ ಅರ್ಥ. ಬೆವರು ಅತಿಯಾಗುವುದು ಅಥವಾ ಇಲ್ಲದಿರುವುದು, ಬಣ್ಣಗೆಡುವುದು ಅದೇ ಪಟ್ಟಿಯಲ್ಲಿವೆ. ಇಂದಿನ ವೈದ್ಯನು ಬಿಳಿಚಿಕೊಂಡ ಮಚ್ಚೆಯ ಮುಂದೆ ಕುಳಿತಾಗ ಕೇಳುವ ಮೊದಲ ಪ್ರಶ್ನೆಯೂ ಇದೇ: ಮುಟ್ಟಿದರೆ ತಿಳಿಯುತ್ತದೆಯೇ?

ಮೂರನೆಯದು ಸಿಧ್ಮ. ಉಜ್ಜಿದರೆ ಹುಡಿಯಂತೆ ಉದುರುವುದು, ಸೋರೆಯ ಹೂವಿನ ಬಣ್ಣ, ಹೆಚ್ಚಾಗಿ ಎದೆಯ ಮೇಲೆ ಕಾಣುವುದು ಎಂದು ಚರಕನ ವಿವರಣೆ. ತೆಳುವಾದುದು, ಬಿಳಿಯದು, ತುರಿಕೆಯುಳ್ಳದ್ದು, ಪ್ರಾಯಶಃ ದೇಹದ ಮೇಲುಭಾಗದಲ್ಲಿ ಬರುವುದು ಎಂದು ಸುಶ್ರುತನ ವಿವರಣೆ. ಇವನ್ನು ಓದಿದ ಯಾವ ಕನ್ನಡಿಗರಿಗಾದರೂ ‘ಚಿಬ್ಬು’ ನೆನಪಾಗುವುದು. ಆದರೆ ಸಿಧ್ಮವನ್ನು ಚರಕನು ಮಹಾಕುಷ್ಠಗಳ ಸಾಲಿನಲ್ಲಿ, ಸುಶ್ರುತನು ಕ್ಷುದ್ರಕುಷ್ಠಗಳ ಸಾಲಿನಲ್ಲಿ ಇರಿಸಿದ್ದಾರೆ. ಲಕ್ಷಣದಲ್ಲಿ ಒಮ್ಮತ, ವರ್ಗೀಕರಣದಲ್ಲಿ ಭಿನ್ನಮತ. ಕಣ್ಣಿಗೆ ಕಂಡದ್ದನ್ನು ಇಬ್ಬರೂ ಸರಿಯಾಗಿಯೇ ಬರೆದರು. ತೊಡಕು ಇದ್ದುದು ‘ಕುಷ್ಠ’ ಎಂಬ ಕುಲನಾಮದಲ್ಲಿ.

ಧರ್ಮಶಾಸ್ತ್ರ ಮತ್ತು ಕಥೆ

ಮನುಸ್ಮೃತಿಯ 3ನೆಯ ಅಧ್ಯಾಯವು ಹೆಣ್ಣನ್ನು ತರಬಾರದ ಮನೆತನಗಳನ್ನು ಪಟ್ಟಿಮಾಡುತ್ತದೆ. ಕ್ಷಯ, ಅಪಸ್ಮಾರಗಳಿರುವ ಕುಲಗಳ ಜೊತೆಗೆ ಶ್ವಿತ್ರವಿರುವ ಕುಲ, ಕುಷ್ಠವಿರುವ ಕುಲ ಎಂದು ಅಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ಹೇಳಿದೆ. ಸ್ಮೃತಿಕಾರನಿಗೆ ತೊನ್ನು ಬೇರೆ, ಕುಷ್ಠ ಬೇರೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಎರಡಕ್ಕೂ ವಿಧಿಸಿದ ನಿಷೇಧ ಒಂದೇ. ಅದೇ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯಬಾರದವರ ನಡುವೆ ಶ್ವಿತ್ರವುಳ್ಳವನೂ ಇದ್ದಾನೆ. 11ನೆಯ ಅಧ್ಯಾಯದಲ್ಲಿ ಬಟ್ಟೆಯನ್ನು ಕದ್ದವನಿಗೆ ಮುಂದಿನ ಜನ್ಮದಲ್ಲಿ ತೊನ್ನು ಬರುವುದೆಂದಿದೆ. ವೈದ್ಯನಿಗೆ ಲಕ್ಷಣವಾಗಿದ್ದುದು ಇಲ್ಲಿ ಸಾಕ್ಷ್ಯವಾಯಿತು. ಮಚ್ಚೆಯು ಮನುಷ್ಯನ ಪೂರ್ವಪಾಪವನ್ನು ಬಯಲುಮಾಡುವ ಬರೆಹವಾಯಿತು.

ಕಥಾಸಾಹಿತ್ಯವು ಈ ಭಾವನೆಯನ್ನು ಮನೆಮನೆಗೆ ಮುಟ್ಟಿಸಿತು. ಶಾಪದಿಂದ ಕುಷ್ಠಿಯಾದ ಕೃಷ್ಣಪುತ್ರ ಸಾಂಬನು ಸೂರ್ಯನನ್ನು ಆರಾಧಿಸಿ ಗುಣಹೊಂದಿದ ಕಥೆ ಪುರಾಣಪ್ರಸಿದ್ಧ. ಜೈನ ಪರಂಪರೆಯಲ್ಲಿ ಶ್ರೀಪಾಲನು ಕುಷ್ಠದಿಂದ ನರಳಿ, ಸಿದ್ಧಚಕ್ರದ ಆರಾಧನೆಯಿಂದ ಗುಣ ಪಡೆಯುತ್ತಾನೆ. 16ನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಶ್ರೀಪಾಲ ಚರಿತೆ’ಯನ್ನು ಬರೆದನು. ಜನ್ನನು 1209ರಲ್ಲಿ ಕನ್ನಡಿಸಿದ ಯಶೋಧರನ ಕಥೆಯ ಪರಂಪರೆಯಲ್ಲಿ, ಗಂಡನನ್ನು ಕೊಲ್ಲಿಸಿದ ಅಮೃತಮತಿಗೆ ಕೊನೆಯಲ್ಲಿ ಬರುವುದು ಕುಷ್ಠವೇ. ಕಾವ್ಯಕ್ಕೆ ಬೇಕಾದುದು ರೋಗನಿದಾನವಲ್ಲ, ಕರ್ಮಫಲದ ಕಣ್ಣಿಗೆ ಕಾಣುವ ರೂಪ. ಆದುದರಿಂದ ಯಾವ ಕುಷ್ಠ, ಹದಿನೆಂಟರಲ್ಲಿ ಎಷ್ಟನೆಯದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆಸ್ತಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಯಾಜ್ಞವಲ್ಕ್ಯಸ್ಮೃತಿಯು ದಾಯಭಾಗಕ್ಕೆ ಅನರ್ಹರಾದವರಲ್ಲಿ ಚಿಕಿತ್ಸೆಯಿಲ್ಲದ ರೋಗದಿಂದ ಪೀಡಿತನಾದವನನ್ನು ಸೇರಿಸಿ, ಅಂಥವರನ್ನು ಪೋಷಿಸಬೇಕೆಂದೂ ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಈ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಮುಂದೆ ಬ್ರಿಟಿಷರ ನ್ಯಾಯಾಲಯಗಳಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. ಅಲ್ಲಿ ಕುಷ್ಠಿಗೆ ಪಾಲುಂಟೇ ಎಂಬ ವ್ಯಾಜ್ಯಗಳು ಬಂದಾಗ, ಕೀವು ಸುರಿಯುವ ಉಲ್ಬಣಾವಸ್ಥೆಯ ಕುಷ್ಠವಿದ್ದವನಿಗೆ ಮಾತ್ರ ಪಾಲಿಲ್ಲವೆಂದೂ, ಸ್ಪರ್ಶಹೀನತೆಯಷ್ಟೇ ಇರುವ ಸೌಮ್ಯ ಬಗೆಯಿದ್ದವನಿಗೆ ಪಾಲುಂಟೆಂದೂ ತೀರ್ಪುಗಳಾದವು. ಸ್ರಾವವುಂಟೇ ಇಲ್ಲವೇ ಎಂಬ ಸುಶ್ರುತನ ಪ್ರಶ್ನೆ, ಬೇರೆ ಉದ್ದೇಶಕ್ಕಾಗಿ, ವಕೀಲರ ಬಾಯಲ್ಲಿ ಮರುಹುಟ್ಟು ಪಡೆಯಿತು. 1928ರ ಹಿಂದೂ ದಾಯಾಧಿಕಾರ ಅನರ್ಹತಾ ನಿವಾರಣಾ ಕಾಯಿದೆಯು ಈ ನಿಷೇಧವನ್ನು ತೆಗೆದುಹಾಕಿತು.

ಭಾಷಾಂತರದ ಪಾತ್ರ

ಈ ಗೊಂದಲ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಹೀಬ್ರೂ ಬೈಬಲಿನ ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ‘ತ್ಸಾರಅತ್’ ಎಂಬ ಚರ್ಮದೋಷವನ್ನು ಯಾಜಕನು ಪರೀಕ್ಷಿಸುವ ಕ್ರಮವಿದೆ. ಸಂದೇಹವಿದ್ದರೆ 7 ದಿನ ಬೇರೆಯಿರಿಸಿ ಮತ್ತೆ ನೋಡಬೇಕು. ಮಂಕಾದ ಬಿಳಿಯ ಮಚ್ಚೆಯಷ್ಟೇ ಆದರೆ ಅದು ‘ಬೋಹಕ್’, ಅಂಥವನು ಶುದ್ಧನೇ. ಅಲ್ಲಿಯೂ ವಿವೇಚನೆ ಇತ್ತು. ಆದರೆ ಕ್ರಿಸ್ತಪೂರ್ವದಲ್ಲಿಯೇ ಆ ಗ್ರಂಥವನ್ನು ಗ್ರೀಕಿಗೆ ತಂದವರು ತ್ಸಾರಅತ್‌ಗೆ ‘ಲೆಪ್ರಾ’ ಎಂಬ ಶಬ್ದವನ್ನು ಬಳಸಿದರು. ಗ್ರೀಕ್ ವೈದ್ಯರಲ್ಲಿ ಅದು ಹೊಟ್ಟೇಳುವ ಚರ್ಮರೋಗದ ಹೆಸರು. ಮಧ್ಯಯುಗದಲ್ಲಿ ಅದೇ ಶಬ್ದ ಇಂದಿನ ಕುಷ್ಠರೋಗಕ್ಕೆ ಅಂಟಿಕೊಂಡಿತು. ಹೀಗೆ ಯಾಜಕಕಾಂಡದ ಅಶುದ್ಧಿಯೆಲ್ಲವೂ, ಆ ಗ್ರಂಥಕಾರರ ಮನಸ್ಸಿನಲ್ಲಿ ಇದ್ದಿರದ ಒಂದು ರೋಗದ ತಲೆಗೆ ಬಂದಿತು.

ಇಂಗ್ಲಿಷರು ಭಾರತಕ್ಕೆ ಬಂದಾಗ ಈ ಎರಡು ಪರಂಪರೆಗಳ ಗೊಂದಲಗಳು ಒಂದನ್ನೊಂದು ಕೂಡಿಕೊಂಡವು. ಹಿಮದಂತೆ ಬೆಳ್ಳಗಾದ ಕುಷ್ಠಿಯ ಬೈಬಲ್ ಕಥೆಗಳನ್ನು ಕೇಳಿ ಬೆಳೆದವರಿಗೆ ‘ಶ್ವೇತಕುಷ್ಠ’ ಎಂಬ ದೇಶೀಯ ಹೆಸರು ವಿಚಿತ್ರವೆನಿಸಲಿಲ್ಲ. 19ನೆಯ ಶತಮಾನದ ಜನಗಣತಿಯಲ್ಲಿ ಕುಷ್ಠಿಗಳನ್ನು ಎಣಿಸಹೊರಟಾಗ ತೊನ್ನಿನವರೂ ಆ ಲೆಕ್ಕದೊಳಗೆ ಸೇರತೊಡಗಿದರು. ಗಣತಿಯ ಕೆಲಸ ಮಾಡುತ್ತಿದ್ದವರು ವೈದ್ಯರಲ್ಲ. ಊರು ಏನೆಂದು ಕರೆಯುತ್ತಿತ್ತೋ ಅದನ್ನು ಬರೆದುಕೊಂಡರು. ಇದನ್ನು ತಡೆಯಲು ಗಣತಿಯ ನಮೂನೆಯಲ್ಲಿ ‘ಕೊರೆಯುವ ಕುಷ್ಠ’ವನ್ನು ಮಾತ್ರ ನಮೂದಿಸಬೇಕೆಂಬ ಸೂಚನೆಯನ್ನು ಸೇರಿಸಬೇಕಾಯಿತು. 1890–91ರಲ್ಲಿ ದೇಶದಲ್ಲಿ ಸಂಚರಿಸಿದ ಕುಷ್ಠರೋಗ ಆಯೋಗವೂ ಈ ಗೊಂದಲವನ್ನು ಎದುರಿಸಿತು. ಕುಷ್ಠವು ವಂಶಪಾರಂಪರ್ಯವಾಗಿ ಬರುವುದಿಲ್ಲವೆಂದು ಅದು ನಿರ್ಣಯಿಸಿದುದು ಮುಖ್ಯ. ಸ್ಮೃತಿಯ ‘ಕುಲ’ದ ನಿಷೇಧಕ್ಕೆ ಆಧಾರವಾಗಿದ್ದ ನಂಬಿಕೆಯ ಬುಡವನ್ನೇ ಆ ನಿರ್ಣಯ ಅಲುಗಿಸಿತು. ಕುಷ್ಠದ ಜೀವಾಣುವನ್ನು ನಾರ್ವೆಯ ಹ್ಯಾನ್ಸೆನ್ ಗುರುತಿಸಿದ್ದು ಅದಕ್ಕೆ ಮೊದಲೇ, 1873ರಲ್ಲಿ.

1898ರ ಕುಷ್ಠರೋಗಿಗಳ ಕಾಯಿದೆ ಈ ಪ್ರಶ್ನೆಗೆ ಹೊಸ ತೀವ್ರತೆಯನ್ನು ತಂದಿತು. ಬೇಡುತ್ತಲೋ ಜೀವನೋಪಾಯವಿಲ್ಲದೆಯೋ ತಿರುಗುತ್ತಿರುವ ಕುಷ್ಠಿಯೆಂದು ತನಗೆ ತೋರಿದ ಯಾರನ್ನಾದರೂ ಪೊಲೀಸನು ವಾರಂಟಿಲ್ಲದೆ ಹಿಡಿಯಬಹುದಿತ್ತು. ಆಮೇಲೆ ಕುಷ್ಠ ತಪಾಸಣಾಧಿಕಾರಿಯು ನೋಡಿ, ಕಾಯಿದೆಯ ಅರ್ಥದಲ್ಲಿ ಈತ ಕುಷ್ಠಿಯಲ್ಲವೆಂದು ಪತ್ರ ಬರೆದುಕೊಟ್ಟರೆ ಬಿಡುಗಡೆ. ಆ ಅರ್ಥವೆಂದರೆ ವ್ರಣವಾಗತೊಡಗಿದ ಕುಷ್ಠ. ‘ತೋರಿದ’ ಎಂಬ ಒಂದು ಕ್ರಿಯಾಪದದ ಮೇಲೆ ಬಡವನೊಬ್ಬನ ಸ್ವಾತಂತ್ರ್ಯ ನಿಂತಿತ್ತು. ಮುಂಬಯಿಯಲ್ಲಿ 1890ರಲ್ಲಿ ಮಾಟುಂಗದ ಬಳಿ ತೆರೆದ, ಮುಂದೆ ಆಕ್ವರ್ತ್ ಹೆಸರನ್ನು ಪಡೆದ ಕುಷ್ಠಾಶ್ರಮವು ಬೀದಿಯ ನಿರ್ಗತಿಕ ರೋಗಿಗಳಿಗಾಗಿಯೇ ಹುಟ್ಟಿದುದು. 1898ರ ಕಾಯಿದೆಯು ಕೊನೆಗೆ ರದ್ದಾದುದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ವಿಧಿಗಳನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದದ್ದು 2019ರಲ್ಲಿ.

ಇಂದಿನ ವಿವೇಚನೆ

ಇಂದಿನ ವೈದ್ಯಶಾಸ್ತ್ರವು ಈ ಮಚ್ಚೆಗಳನ್ನು ಹೇಗೆ ಬೇರ್ಪಡಿಸುತ್ತದೆ ಎಂಬುದನ್ನು ಸಂಗ್ರಹವಾಗಿ ಹೇಳಬಹುದು.

ತೊನ್ನಿನಲ್ಲಿ ಬಣ್ಣವನ್ನು ಉಂಟುಮಾಡುವ ಕೋಶಗಳು ನಾಶವಾಗಿರುತ್ತವೆ. ದೇಹದ ರಕ್ಷಣಾವ್ಯವಸ್ಥೆಯೇ ಅವುಗಳ ಮೇಲೆ ತಿರುಗಿಬಿದ್ದುದು ಅದಕ್ಕೆ ಕಾರಣ. ಮಚ್ಚೆ ಸುಣ್ಣದಂತೆ ಅಚ್ಚಬಿಳುಪು, ಅಂಚು ಸ್ಪಷ್ಟ. ಅದರ ಮೇಲಿನ ಕೂದಲು ಬೆಳ್ಳಗಾಗಬಹುದು. ಸ್ಪರ್ಶಜ್ಞಾನ ಪೂರ್ತಿಯಾಗಿ ಇರುತ್ತದೆ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಣ್ಣ ಕುಂದಿರುತ್ತದೆ, ಅಥವಾ ತುಸು ಕೆಂಪಾಗಿರುತ್ತದೆ. ಅಲ್ಲಿ ಸ್ಪರ್ಶ, ಬಿಸಿ, ನೋವು ಸರಿಯಾಗಿ ತಿಳಿಯುವುದಿಲ್ಲ, ಬೆವರು ಕಡಿಮೆ, ಮೊಣಕೈ, ಮೊಣಕಾಲು, ಕುತ್ತಿಗೆಯ ಬಳಿಯ ನರಗಳು ದಪ್ಪವಾಗಿರಬಹುದು. ಆದರೆ ಮುಖದ ಚರ್ಮದಲ್ಲಿ ನರಗಳು ಸಮೃದ್ಧವಾಗಿರುವುದರಿಂದ ಅಲ್ಲಿನ ಮಚ್ಚೆಯಲ್ಲಿ ಸ್ಪರ್ಶ ಉಳಿದಿದ್ದರೂ ಕುಷ್ಠವಲ್ಲವೆಂದು ಹೇಳಲಾಗದು.

ಚಿಬ್ಬು ಚರ್ಮದ ಮೇಲೆ ವಾಸಿಸುವ ಒಂದು ಶಿಲೀಂಧ್ರದಿಂದ ಬರುವುದು. ಸೆಕೆ, ಬೆವರುಗಳಿರುವ ಕಡಲತಡಿಯ ನಗರಗಳಲ್ಲಿ ಎದೆ, ಬೆನ್ನು, ಕುತ್ತಿಗೆಗಳ ಮೇಲೆ ಸಾಮಾನ್ಯ. ಕೆರೆದರೆ ನವಿರಾದ ಹೊಟ್ಟು ಏಳುತ್ತದೆ. ಮಕ್ಕಳ ಕೆನ್ನೆಯ ಮೇಲೆ ಕಾಣುವ ಅಸ್ಪಷ್ಟ ಅಂಚಿನ, ತುಸು ಒರಟಾದ ಬಿಳಿಚು ಮಚ್ಚೆಗಳು ಬೇರೆ. ಒಣಚರ್ಮಕ್ಕೆ ಸಂಬಂಧಿಸಿದ ಅವು ಕಾಲಕ್ರಮದಲ್ಲಿ ತಾವೇ ಮಾಯವಾಗುತ್ತವೆ. ಹುಟ್ಟಿನಿಂದಲೇ ಇದ್ದು ಆಕಾರ ಬದಲಿಸದ ಬಿಳಿ ಮಚ್ಚೆಗಳೂ, ಹಣೆಯ ಬಿಂದಿಯ ಅಂಟು, ರಬ್ಬರ್ ಚಪ್ಪಲಿಯ ಪಟ್ಟಿ ಮೊದಲಾದವುಗಳಲ್ಲಿನ ರಾಸಾಯನಿಕಗಳಿಂದ ಬಣ್ಣ ಹೋದ ಮಚ್ಚೆಗಳೂ ಉಂಟು. ಬಿಹಾರ, ಬಂಗಾಳಗಳ ಕಡೆ ಕಾಲಾಜ್ವರ ಗುಣವಾದ ಮೇಲೆ ಚರ್ಮದ ಮೇಲೆ ಬಿಳಿಚು ಮಚ್ಚೆಗಳು ಮೂಡುವುದನ್ನು ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು 1922ರಲ್ಲಿ ವರ್ಣಿಸಿದರು. ಅವು ಕುಷ್ಠವನ್ನು ಹೋಲುತ್ತವೆ, ಆದರೆ ಅವುಗಳಲ್ಲಿ ಸ್ಪರ್ಶ ಉಳಿದಿರುತ್ತದೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಕನ್ನಡನಾಡಿಗೆ ಸಲ್ಲುವ ಒಂದು ಅಂಶವನ್ನು ಇಲ್ಲಿ ಸ್ಮರಿಸಬೇಕು. ಶ್ವಿತ್ರಕ್ಕೆ ಸಂಹಿತೆಗಳು ಹೇಳುವ ಬಾಕುಚಿಯೇ ಕನ್ನಡದ ಬಾವಂಚಿ, ಮರಾಠಿಯ ಬಾವಚಿ. ಅದರ ಬೀಜದಿಂದ ಸೊರಾಲೆನ್ ಎಂಬ ದ್ರವ್ಯವನ್ನು ಜೋಯಿಸ್, ಬಿ. ಎಲ್. ಮಂಜುನಾಥ್, ವೆಂಕಟರಾವ್ ಎಂಬ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ ಕುರಿತ ಪ್ರಬಂಧ 1933ರಲ್ಲಿ ಪ್ರಕಟವಾಯಿತು. ಮಂಜುನಾಥ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೊಫ್ತಿಯವರು ಇದೇ ವರ್ಗದ ದ್ರವ್ಯವನ್ನು ತೊನ್ನಿಗೆ ಬಳಸಿದ ಮೇಲೆ, ಔಷಧ ಮತ್ತು ಬೆಳಕು ಕೂಡಿದ ಚಿಕಿತ್ಸೆ ಜಗತ್ತಿನಲ್ಲಿ ಹರಡಿತು. ಔಷಧವನ್ನು ಕುಡಿದ ನಂತರ ಬಿಸಿಲಿಗೆ ಒಡ್ಡುವುದನ್ನೂ, ಆಗ ಏಳುವ ಬೊಕ್ಕೆಗಳನ್ನೂ ಚರಕನು ಹೇಳಿಯೇ ಇದ್ದಾನೆ. ಆ ಬೊಕ್ಕೆಗಳ ಕಾರಣದಿಂದಲೇ ಬಾವಂಚಿಯನ್ನು ಮನೆಯಲ್ಲಿ ತಾವೇ ಹಚ್ಚಿಕೊಂಡು ಬಿಸಿಲಲ್ಲಿ ಕುಳಿತುಕೊಳ್ಳುವುದು ಅಪಾಯಕರ.

ಕುಷ್ಠಕ್ಕಾದರೋ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿತು. ಆರರಿಂದ ಹನ್ನೆರಡು ತಿಂಗಳಲ್ಲಿ ರೋಗ ಗುಣವಾಗುತ್ತದೆ. ಸರಕಾರಿ ಕೇಂದ್ರಗಳಲ್ಲಿ ಔಷಧ ಉಚಿತ. 2005ರ ಕೊನೆಯ ಹೊತ್ತಿಗೆ ಭಾರತದಲ್ಲಿ ರೋಗಿಗಳ ಪ್ರಮಾಣ 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೆ ಹೊಸ ರೋಗಿಗಳು ಇಂದಿಗೂ ಕಂಡುಬರುತ್ತಿದ್ದಾರೆ. ಚಿಬ್ಬೆಂದೋ ತೊನ್ನೆಂದೋ ಭಾವಿಸಿ, ಅಥವಾ ಹೇಳಿಕೊಳ್ಳಲು ನಾಚಿ, ಮರಗಟ್ಟಿದ ಮಚ್ಚೆಯನ್ನು ತೋರಿಸದೆ ಉಳಿದವರ ನರಗಳು ಕೆಡುತ್ತವೆ. ಕೆಟ್ಟ ನರವನ್ನು ಔಷಧ ಮರಳಿ ಕೊಡಲಾರದು.

ಉಪಸಂಹಾರ

ಹೀಗೆ ತಪ್ಪು ಗುರುತಿಸುವಿಕೆಯ ಹಾನಿ ಎರಡು ಕಡೆಗೂ ಇದೆ. ತೊನ್ನನ್ನು ಕುಷ್ಠವೆಂದರೆ ಮದುವೆ ಮುರಿಯುತ್ತದೆ; ಕುಷ್ಠವನ್ನು ತೊನ್ನೆಂದರೆ ಕೈ ಮುರುಟುತ್ತದೆ. ಆದುದರಿಂದ ಹೆಸರುಗಳನ್ನು ಶುದ್ಧವಾಗಿರಿಸಿಕೊಳ್ಳುವುದು ಭಾಷೆಯ ಅಲಂಕಾರದ ಪ್ರಶ್ನೆಯಲ್ಲ. ತಮಿಳಿನಲ್ಲಿ ‘ವೆಣ್‌ಕುಷ್ಟಂ’ ಬಿಟ್ಟು ಬಿಳಿಯ ಚುಕ್ಕೆ ಎಂಬರ್ಥದ ‘ವೆಣ್‌ಪುಳ್ಳಿ’ಯನ್ನು ಬಳಸುವ ಪ್ರಯತ್ನ ನಡೆದಿದೆ. ಕನ್ನಡಕ್ಕೆ ಹೊಸ ಶಬ್ದದ ಅಗತ್ಯವೂ ಇಲ್ಲ. ತೊನ್ನು, ಕುಷ್ಠ, ಚಿಬ್ಬು ಎಂಬ ಮೂರು ಶಬ್ದಗಳು ಮೂರು ರೋಗಗಳಿಗೆ ಸಾಕು. ‘ಶ್ವೇತಕುಷ್ಠ’ವೆಂಬ ಸಮಾಸವನ್ನು ಕೈಬಿಟ್ಟರಾಯಿತು.

ಆದರೆ ಈ ಶಬ್ದಶುದ್ಧಿಯಲ್ಲಿಯೂ ಒಂದು ಅಪಾಯವನ್ನು ನಾವು ಕಾಣುತ್ತೇವೆ. ತೊನ್ನುಳ್ಳವರ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ‘ಇದು ಕುಷ್ಠವಲ್ಲ, ಹೆದರಬೇಡಿ’ ಎನ್ನುತ್ತಾರೆ. ಮಾತು ನಿಜ. ಆದರೆ ಕುಷ್ಠವಾಗಿದ್ದರೆ ದೂರವಿಡುವುದು ನ್ಯಾಯವೇ ಆಗಿತ್ತೆಂಬ ಒಪ್ಪಿಗೆ ಆ ಸಾಂತ್ವನದ ಒಳಗೆ ಅಡಗಿದೆ. ಸ್ಮೃತಿಕಾರನು ಎರಡು ಹೆಸರು ಹೇಳಿ ಇಬ್ಬರನ್ನೂ ಹೊರಗಿಟ್ಟನು. ನಾವು ಎರಡು ಹೆಸರು ಹೇಳಿ ಒಬ್ಬರನ್ನು ಒಳಗೆ ಕರೆದು ಇನ್ನೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿದರೆ, ಅವನಿಗಿಂತ ಅರ್ಧ ಹೆಜ್ಜೆ ಮಾತ್ರ ಮುಂದೆ ಬಂದಂತಾಯಿತು. ಚರಕ ಸುಶ್ರುತರು ರೋಗಗಳನ್ನು ಬೇರ್ಪಡಿಸಿದ್ದು ತಕ್ಕ ಔಷಧವನ್ನು ಕೊಡುವುದಕ್ಕಾಗಿ. ಭೇದವನ್ನು ನಾವು ಉಳಿಸಿಕೊಳ್ಳಬೇಕಾದದ್ದೂ ಆ ಒಂದು ಕಾರಣಕ್ಕಾಗಿಯೇ.